ಬಿರುಕಿಗೆ ಬಣ್ಣ ಬಳಿದ್ರೆ ಬೀಮ್ ಗಟ್ಟಿಯಾಗುತ್ತಾ?

ಸುರಪುರದ ರಂಗಂಪೇಟೆಯಾಗಲಿ, ಯಾದಗಿರಿ ಜಿಲ್ಲೆಯ ಬೇರೆ ಊರಾಗಲಿ, ಹಳೆಯ ಸರ್ಕಾರಿ ಕಟ್ಟಡದೊಳಗೆ ಹೋದಾಗ ಒಮ್ಮೆ ತಲೆ ಎತ್ತಿ ನೋಡಿ. ಬೀಮಿನ ಅಡಿಯಲ್ಲಿ ಉದ್ದಕ್ಕೂ ಬಿರುಕು, ಉದುರಿದ ಕಾಂಕ್ರೀಟ್, ತುಕ್ಕು ಹಿಡಿದ ಸರಳು ಕಂಡರೆ ಅದು ಎಚ್ಚರಿಕೆ. ಅದರ ಮೇಲೆ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿದರೆ ಎಚ್ಚರಿಕೆ ಮುಚ್ಚಿಹೋಗುತ್ತೆ, ಅಪಾಯ ಹಾಗೇ ಉಳಿಯುತ್ತೆ.

ಯಾಕೆ? ಕಾಂಕ್ರೀಟ್ ಒತ್ತಡಕ್ಕೆ ಜಗ್ಗಲ್ಲ, ಆದ್ರೆ ಎಳೆತ ತಡೆಯಲ್ಲ. ಅದರ ಎಳೆತದ ಶಕ್ತಿ ಒತ್ತಡದ ಶಕ್ತಿಯ ಸುಮಾರು 10ನೇ ಒಂದು ಭಾಗ. ಮೇಲೆ ಭಾರ ಬಿದ್ದಾಗ ಬೀಮಿನ ನಡುಭಾಗದ ಅಡಿ ಎಳೆತಕ್ಕೆ ಸಿಗುತ್ತೆ. ಅದಕ್ಕೇ ಅಲ್ಲಿ ಕಬ್ಬಿಣದ ಸರಳು ಇರೋದು. ನೀರಿಳಿದು ಸರಳಿಗೆ ತುಕ್ಕು ಹಿಡಿದರೆ, ಆ ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತೆ.

ಇದಕ್ಕೊಂದು ದಾರಿ ನಾರು ಬೆರೆಸಿದ ಕಾಂಕ್ರೀಟ್, ಅಂದ್ರೆ ಫೈಬರ್ ಕಾಂಕ್ರೀಟ್. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು, ಹೊಟ್ಟು ಕಲಸುತ್ತಿದ್ದದ್ದೂ ಬಿರುಕು ತಡೆಯಲೆಂದೇ. ಇಲ್ಲಿ ಹುಲ್ಲಿನ ಬದಲು 3ರಿಂದ 6 ಸೆಂ.ಮೀ. ಉದ್ದದ ಉಕ್ಕಿನ ಎಳೆಗಳು. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ ಶೇ. 1ರಷ್ಟು ಎಳೆ ಅಂದ್ರೆ ಸುಮಾರು 78 ಕೆ.ಜಿ. ಬಿರುಕು ಬಾಯಿ ತೆರೆಯುವಾಗ ಈ ಎಳೆಗಳು ಎರಡೂ ಬದಿಯನ್ನು ಹೊಲಿಗೆಯಂತೆ ಹಿಡಿದಿಡುತ್ತವೆ.

ಕೆಲಸದ ಕ್ರಮವೇ ಮುಖ್ಯ. ಮೊದಲು ಬೀಮಿಗೆ ಆಸರೆ ಕೊಡಬೇಕು. ಸಡಿಲ ಕಾಂಕ್ರೀಟ್ ಕಿತ್ತು, ತುಕ್ಕು ಉಜ್ಜಿ, ಸವೆದ ಸರಳಿನ ಜೊತೆಗೆ ಹೊಸ ಸರಳು ಸೇರಿಸಬೇಕು. ಹಳೆಯ ಮೈಯನ್ನು ಒರಟು ಮಾಡಿ, ಅಡಿ ಮತ್ತು ಎರಡೂ ಪಕ್ಕಕ್ಕೆ ಫೈಬರ್ ಕಾಂಕ್ರೀಟಿನ ಕವಚ ಹಾಕಬೇಕು. ಆಮೇಲೆ ದಿನಗಟ್ಟಲೆ ಕ್ಯೂರಿಂಗ್. ಹಳೆಯದು, ಹೊಸದು ಬೆಸೆಯದಿದ್ದರೆ ಕವಚ ಸಿಪ್ಪೆಯಂತೆ ಕಳಚುತ್ತೆ.

ಇದು ಸರ್ವರೋಗಕ್ಕೂ ಮದ್ದಲ್ಲ. ಎಳೆಗಳು ಮುಖ್ಯ ಸರಳಿಗೆ ಬದಲಿಯಾಗಲಾರವು. ಕವಚದಿಂದ ಭಾರವೂ ಹೆಚ್ಚುತ್ತೆ. ಕಂಬ, ಪಾಯವೇ ಸೋತಿದ್ದರೆ ಬೀಮ್ ಗಟ್ಟಿ ಮಾಡಿ ಏನು ಪ್ರಯೋಜನ? ನೀರು ಸೋರೋದನ್ನು ನಿಲ್ಲಿಸದಿದ್ದರೆ ತುಕ್ಕು ಮತ್ತೆ ಬರುತ್ತೆ.

ಕಲ್ಯಾಣ ಕರ್ನಾಟಕಕ್ಕೆ 371ಜೆ ಜಾರಿಯಾಗಿದ್ದು 2013ರಲ್ಲಿ. ಹಿಂದುಳಿದ ಪ್ರದೇಶಕ್ಕೆ ನ್ಯಾಯ ಅಂದ್ರೆ ಹೊಸ ಕಟ್ಟಡದ ಅಡಿಗಲ್ಲು ಮಾತ್ರ ಅಲ್ಲ, ಇರುವ ಕಟ್ಟಡದ ಜೀವ ಉಳಿಸೋದೂ ಹೌದು. ಹಾಗಾಗಿ ‘ದುರಸ್ತಿ’ ಅಂತ ಹಣ ಬಂದಾಗ ಮಾಹಿತಿ ಹಕ್ಕಿನಡಿ ಮೂರು ಪ್ರಶ್ನೆ ಕೇಳಿ: ಎಂಜಿನಿಯರ್ ತಪಾಸಣೆ ವರದಿ ಎಲ್ಲಿದೆ? ಅಂದಾಜು ಪಟ್ಟಿಯಲ್ಲಿ ಸರಳಿನ ಕೆಲಸ ಇದೆಯಾ, ಬರೀ ಬಣ್ಣ ಇದೆಯಾ? ಕಾಂಕ್ರೀಟ್ ಪರೀಕ್ಷೆ ಮಾಡಿಸಿದ್ದಾರಾ?

ಉತ್ತರ ಬರೋವರೆಗೂ ಆ ಬೀಮಿನ ಕೆಳಗೆ ಮಕ್ಕಳನ್ನು ಕೂರಿಸಬೇಡಿ.