ಸಮಾಜ ಸುಧಾರಣೆ: ಮೊದಲ ಹೆಜ್ಜೆಯ ಖರ್ಚು ಯಾರದು?



ಎಂಟು ವರ್ಷದ ಹಿಂದೆ ನಮ್ಮ ಭಾಗದ ಸಮಾಜ ಬಾಂಧವರು ಸಿಂಧನೂರಿನಲ್ಲಿ ಕೂಡಿ ಮದುವೆ ಖರ್ಚಿನ ಬಗ್ಗೆ ಒಂದು ಠರಾವು ಮಾಡಿದೆವು. ಊಟದಲ್ಲಿ ಎರಡಕ್ಕಿಂತ ಹೆಚ್ಚು ಸಿಹಿ ಇರಬಾರದು, ಸೂರ್ಯಾಸ್ತದ ಮೊದಲು ಪಂಕ್ತಿ ಮುಗಿಯಬೇಕು, ಡಿಜೆ ಬೇಡ, ಹೆಣ್ಣಿನ ಕಡೆಯವರಿಂದ ಏನನ್ನೂ ಕೇಳಬಾರದು. ಕಾರ್ಯಕರ್ತನಾಗಿ ಆ ಕಾಗದ ಬರೆದವನು ನಾನು. ಮೊದಲ ಸಹಿಯೂ ನನ್ನದೇ. ಒಂದೂವರೆ ವರ್ಷದಲ್ಲಿ ಅದನ್ನು ಮೊದಲು ಮುರಿದವನೂ ನಾನೇ. ಮಗಳ ಮದುವೆಗೆ ಒಂಬತ್ತು ಸಿಹಿ ಮಾಡಿಸಿದೆ. ಊಟ ರಾತ್ರಿ ಹತ್ತರವರೆಗೆ ನಡೆಯಿತು.

ಬೀಗರು ಒಂದು ಮಾತೂ ಕೇಳಿರಲಿಲ್ಲ. "ಅವರೇ ಸುಮ್ನದಾರ, ನಿಮಗ್ಯಾಕ ಇಷ್ಟು ಚಿಂತಿ?" ಎಂದು ನಮ್ಮ ಮನೆಯವರು ಕೇಳಿದ್ದರು. ನನ್ನ ಚಿಂತೆ ಬೀಗರದಾಗಿರಲಿಲ್ಲ. ಆ ವರ್ಷ ಭತ್ತದ ವ್ಯಾಪಾರದಲ್ಲಿ ನಷ್ಟವಾಗಿತ್ತು. ಊಟ ಸಣ್ಣದಾದರೆ ಅಂಗಡಿ ಕುಸಿದಿದೆ ಎಂದು ಪೇಟೆಯಲ್ಲಿ ಮಾತಾಗುತ್ತದೆ, ನಾಳೆ ಉದ್ರಿ ಕೊಡುವವರು ಹಿಂದೆ ಸರಿಯುತ್ತಾರೆ ಎಂಬ ಭಯ. ಆ ಭಯಕ್ಕೆ ಮಾಡಿದ ಸಾಲ ತೀರಲು ನಾಲ್ಕು ಸುಗ್ಗಿ ಬೇಕಾದವು.

ಅಪರಿಗ್ರಹದ ಮೇಲೆ ನಾನು ಪರ್ಯೂಷಣದಲ್ಲಿ ಮಾತನಾಡಿದವನು. ರಾತ್ರಿಭೋಜನ ತ್ಯಾಗವೂ ಗೊತ್ತಿತ್ತು. ತಿಳಿವಳಿಕೆ ಕಡಿಮೆ ಇದ್ದು ತಪ್ಪಿದ್ದಲ್ಲ. ಹಾಗಾದರೆ ಸಮಾಜ ಬದಲಾಗುವುದು ಹೇಗೆ? ಆಮೇಲೆ ನಮ್ಮವರದೇ ಸುಧಾರಣೆಯ ಚರಿತ್ರೆಯನ್ನು ಸ್ವಲ್ಪ ಓದಿದೆ, ಹಿರಿಯರನ್ನು ಕೇಳಿದೆ. ಮೊದಲು ಬದಲಾಗುವವನಿಗೆ ಆಗುವ ನಷ್ಟವನ್ನು ಹತ್ತು ಜನ ಹಂಚಿಕೊಂಡಲ್ಲೆಲ್ಲ ಸುಧಾರಣೆ ನಿಂತಿದೆ ಎಂದು ನನಗೆ ಕಾಣುತ್ತದೆ.

ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. ಅಲ್ಲಿ 1899ರಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು. ಕನ್ನಡ ಮತ್ತು ಮರಾಠಿ ಮಾತನಾಡುವ ಜೈನರಿಬ್ಬರೂ ಅದರಲ್ಲಿದ್ದರು. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಅಣ್ಣಾಸಾಹೇಬ ಲಠ್ಠೆ. ವಕೀಲರಾಗಿದ್ದ ಇವರು ಮುಂದೆ ಕೊಲ್ಹಾಪುರ ಸಂಸ್ಥಾನದ ದಿವಾನರೂ 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಯೂ ಆದರು. ಬಾಲ್ಯವಿವಾಹ, ವರದಕ್ಷಿಣೆಯಂಥ ರೂಢಿಗಳ ವಿರುದ್ಧ ಸಭೆ ಠರಾವುಗಳನ್ನು ಮಾಡಿತು. ಆದರೆ ಠರಾವಿನಷ್ಟಕ್ಕೆ ನಿಲ್ಲದೆ ಬೋರ್ಡಿಂಗ್‌ಗಳನ್ನು ಕಟ್ಟಿತು. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಹಳ್ಳಿಯ ಜೈನ ಹುಡುಗರು ಉಳಿದು ಓದಲು ಜಾಗವಾಯಿತು. ಮುಂಬಯಿಯ ಸೇಠ್ ಮಾಣಿಕಚಂದರಂಥವರು ಹಣ ಕೊಟ್ಟರು, ಕೊಲ್ಹಾಪುರದ ಶಾಹು ಮಹಾರಾಜರ ಬೆಂಬಲವಿತ್ತು.

ಇದರಿಂದ ಏನಾಯಿತು ನೋಡಿ. ಅಂದಿನ ರೈತ ಜೈನನಿಗೆ "ಮಗನನ್ನು ಓದಿಸು" ಎಂದರೆ ಪರಊರಿನಲ್ಲಿ ಅವನ ಊಟ, ವಸತಿಯ ಪ್ರಶ್ನೆ ಬರುತ್ತಿತ್ತು. ಸೋಸಿದ ನೀರು, ಹಗಲೂಟ ಅಲ್ಲಿ ಸಿಗುತ್ತದೆಯೇ ಎಂಬ ಅಳುಕು ಬೇರೆ. ಬೋರ್ಡಿಂಗ್ ಈ ಎರಡನ್ನೂ ಒಟ್ಟಿಗೆ ತೀರಿಸಿತು. ಹುಡುಗ ಮ್ಯಾಟ್ರಿಕ್ ಮುಗಿಸುವ ತನಕ ಮದುವೆ ತಾನಾಗಿ ಮುಂದಕ್ಕೆ ಹೋಯಿತು. ಓದಿದವನು ಓದಿದ ಹುಡುಗಿ ಬೇಕೆಂದ. ಬಾಲ್ಯವಿವಾಹದ ಮೇಲೆ ನೂರು ಭಾಷಣಕ್ಕಿಂತ ಒಂದು ಅಡುಗೆಮನೆ ಹೆಚ್ಚು ಕೆಲಸ ಮಾಡಿತು ಅನ್ನುವವನು ನಾನು. ಹುಡುಗಿಗೆ 14, ಹುಡುಗನಿಗೆ 18 ವರ್ಷ ಎಂದ ಶಾರದಾ ಕಾಯಿದೆ ಜಾರಿಗೆ ಬಂದದ್ದು 1930ರಲ್ಲಿ. ಅದೂ ಬ್ರಿಟಿಷ್ ಇಂಡಿಯಾಕ್ಕೆ. ನಮ್ಮ ರಾಯಚೂರು ಜಿಲ್ಲೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು, ಆ ಕಾಯಿದೆ ಹೊಳೆ ದಾಟಿ ನಮ್ಮ ದಢೇಸುಗೂರಿಗೆ ಬರಲಿಲ್ಲ. ಆಚೆ ದಂಡೆಯ ಸಿರುಗುಪ್ಪ ಮದ್ರಾಸ್ ಪ್ರಾಂತದಲ್ಲಿತ್ತು, ಅಲ್ಲಿಗೆ ಬಂತು. ನಡುವೆ ಇದ್ದದ್ದು ತುಂಗಭದ್ರೆ ಒಂದೇ.

ಆದರೆ ಸುಧಾರಕರಿಗೂ ಒಂದು ಗೆರೆ ಇರುತ್ತದೆ. ಕೊಲ್ಹಾಪುರದ ಬೋರ್ಡಿಂಗ್‌ನಲ್ಲಿ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲ ಎಂಬ ಜೈನ ಹುಡುಗನಿದ್ದ. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ವಿದ್ಯಾರ್ಥಿಗಳಿಗಾಗಿ ಅದೇ ಊರಿನಲ್ಲಿ ಮಿಸ್ ಕ್ಲಾರ್ಕ್ ವಸತಿಗೃಹ ತೆರೆದರು. ಆ ಸಮಾರಂಭಕ್ಕೆ ಹೋಗಿ ಬಂದವನಿಗೆ ಸ್ನಾನ ಮಾಡಿ ಒಳಗೆ ಬಾ ಎಂದರು. ಅವನು ಒಪ್ಪಲಿಲ್ಲ. ಲಠ್ಠೆಯವರು ನೋಡಿಕೊಳ್ಳುತ್ತಿದ್ದ ಆ ಬೋರ್ಡಿಂಗ್‌ನಿಂದ ಅವನನ್ನು ಹೊರಹಾಕಲಾಯಿತು. ನಮ್ಮ ಸಮಾಜದ ಪತ್ರಿಕೆಗಳಲ್ಲಿ ಈ ಸಂಗತಿಯನ್ನು ಹೆಚ್ಚು ಬರೆಯುವುದಿಲ್ಲ, ಬರೆಯಬೇಕು. ಆ ಹುಡುಗನಿಗೆ ನಂತರ ಶಾಹು ಮಹಾರಾಜರು ಆಶ್ರಯ ಕೊಟ್ಟರು.

ಮುಂದಿನ ಸಂಗತಿ ಇನ್ನೂ ದೊಡ್ಡದು. 1914ರಲ್ಲಿ ಕೊಲ್ಹಾಪುರದಲ್ಲಿ ರಾಜಮನೆತನದವರ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣದಲ್ಲಿ ಲಠ್ಠೆಯವರ ಮೇಲೆ ಆರೋಪ ಬಂತು. ಅವರ ವಿರುದ್ಧ ಸುಳ್ಳು ಸಾಕ್ಷಿ ಹೇಳೆಂದು ಭಾವೂರಾವ್‌ಗೆ ಬಹಳ ಹಿಂಸೆ ಕೊಟ್ಟರು. ತನ್ನನ್ನು ಹೊರಹಾಕಿದವರ ವಿರುದ್ಧವೂ ಆತ ಸುಳ್ಳು ಹೇಳಲಿಲ್ಲ. ಸತ್ಯಾಣುವ್ರತದ ಬಗ್ಗೆ ಮಕ್ಕಳಿಗೆ ಕಥೆ ಹೇಳಬೇಕಾದಾಗ ನಾನು ಇದನ್ನೇ ಹೇಳುತ್ತೇನೆ.

ಅದೇ ಭಾವೂರಾವ್ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. 1924ರಲ್ಲಿ ಸಾತಾರಾದಲ್ಲಿ ವಸತಿಗೃಹ ತೆರೆದು ಎಲ್ಲ ಜಾತಿಯ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ದವಸ ತರಲು ಹಣವಿಲ್ಲದಾಗ ಅವರ ಪತ್ನಿ ಲಕ್ಷ್ಮೀಬಾಯಿ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಹುಡುಗರು ದುಡಿದು ಓದಿದರು. ಇಂದು ಆ ಸಂಸ್ಥೆಗೆ ನೂರಾರು ಶಾಲೆಗಳಿವೆ. ಮೊದಲ ಹೆಜ್ಜೆಯ ಖರ್ಚು ಇಲ್ಲಿ ಒಂದೇ ಮನೆಯ ಮೇಲೆ ಬಿತ್ತು, ಆ ಮನೆ ತಡೆದುಕೊಂಡಿತು. ಎಲ್ಲ ಮನೆಗೂ ಅದು ಆಗುವುದಿಲ್ಲ. ನನ್ನಿಂದ ಎರಡು ಸಿಹಿ ಸಹ ಆಗಲಿಲ್ಲ.

ಹಾಗೆ ಆಗದವರಿಗೆ ಧರ್ಮಸ್ಥಳ ದಾರಿ ತೋರಿಸಿದೆ. ಪೂಜ್ಯ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಉಚಿತ ಸಾಮೂಹಿಕ ವಿವಾಹ ಆರಂಭಿಸಿದರು. ಇದುವರೆಗೆ 12 ಸಾವಿರಕ್ಕೂ ಹೆಚ್ಚು ಜೋಡಿಗಳ ಮದುವೆಯಾಗಿದೆ. ಬೇರೆ ಬೇರೆ ಜಾತಿಯವರು ತಮ್ಮ ತಮ್ಮ ಸಂಪ್ರದಾಯದಂತೆ ತಾಳಿ ಕಟ್ಟುತ್ತಾರೆ, ವರದಕ್ಷಿಣೆ ಇಲ್ಲ, ಸೀರೆ, ಪಂಚೆ, ತಾಳಿ ಕ್ಷೇತ್ರದಿಂದಲೇ. ಬಡವರ ಖರ್ಚು ಉಳಿಯಿತು ಎಂದಷ್ಟೇ ಜನ ಹೇಳುತ್ತಾರೆ. ವ್ಯಾಪಾರಿಯ ಕಣ್ಣಿಗೆ ಬೇರೊಂದು ಕಾಣುತ್ತದೆ. ಒಬ್ಬನೇ ಸರಳ ಮದುವೆ ಮಾಡಿದರೆ "ಪಾಪ, ಕೈ ಬಿಗಿಯಾಗಿದೆ" ಅನ್ನುತ್ತಾರೆ. ನೂರು ಜೋಡಿ ಒಂದೇ ಚಪ್ಪರದಲ್ಲಿ ಕೂತಾಗ ಯಾರ ಕೈ ಬಿಗಿ, ಯಾರದು ಸಡಿಲ ಎಂದು ಲೆಕ್ಕ ಹಾಕಲು ಬರುವುದಿಲ್ಲ. ಮಾನದ ಪ್ರಶ್ನೆಯೇ ಏಳುವುದಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರಿಂದಲೇ ಇದೆ, ಕೊಡುವವನೂ ತೆಗೆದುಕೊಳ್ಳುವವನೂ ಸುಮ್ಮನಿದ್ದರೆ ಕಾಯಿದೆ ಏನು ಮಾಡೀತು? ಚಪ್ಪರದಲ್ಲಿ ಸಾವಿರ ಕಣ್ಣುಗಳಿರುತ್ತವೆ.

ನಮ್ಮ ಠರಾವು ಎಲ್ಲಿ ತಪ್ಪಿತು ಎಂದು ಈಗ ಗೊತ್ತಾಗುತ್ತದೆ. ಇಪ್ಪತ್ತಮೂರು ಜನ ಸಹಿ ಹಾಕಿ, ಪಾಲಿಸುವುದನ್ನು ಒಬ್ಬೊಬ್ಬರ ಮನೆಗೆ ಬಿಟ್ಟೆವು. ಮದುವೆ ಬಂದಾಗ ಆ ಮನೆಯವನು ಒಂಟಿ.

ಕಳೆದ ದೀಪಾವಳಿಯ ನಂತರ ಐದು ಮನೆಯವರು ಕೂತು ಬೇರೆ ರೀತಿ ಮಾಡಿದ್ದೇವೆ. ದೊಡ್ಡ ಪಾತ್ರೆ, ಶಾಮಿಯಾನ, ನೀರು ಸೋಸುವ ಬಟ್ಟೆಯ ತನಕ ಎಲ್ಲ ಸಾಮಾನು ಕೂಡಿ ಖರೀದಿಸಿದ್ದೇವೆ. ಅಡುಗೆಯವರ ಜೊತೆ ಮಾತನಾಡುವುದು ಮದುವೆ ಮನೆಯವರಲ್ಲ, ಉಳಿದ ನಾಲ್ಕು ಮನೆಯವರು. ಪಟ್ಟಿ ನಮ್ಮದು, ಆದ್ದರಿಂದ ಆಡಿಕೊಳ್ಳುವವರು ನಮ್ಮನ್ನೇ ಆಡಿಕೊಳ್ಳಲಿ. ಈ ಬಾರಿಯ ಮಾಘದಲ್ಲಿ ಎರಡು ಮನೆಯ ಮದುವೆಗಳನ್ನು ಒಂದೇ ದಿನ, ಒಂದೇ ಚಪ್ಪರದಲ್ಲಿ ಮಾಡುವ ಮಾತಿದೆ. ಒಂದು ಮನೆ ಒಪ್ಪಿದೆ. ಇನ್ನೊಂದು ಮನೆಯ ಅಜ್ಜಿಗೆ ಮೊಮ್ಮಗನ ಮದುವೆಯಲ್ಲಿ ಬೇರೆಯವರ ಹೆಸರೂ ಫಲಕದಲ್ಲಿ ಇರುವುದು ಸೇರುತ್ತಿಲ್ಲ. ಮುಂದಿನ ಅಷ್ಟಮಿಗೆ ಮತ್ತೆ ಅವರ ಮನೆಗೆ ಹೋಗುವವರಿದ್ದೇವೆ. ಈ ಸಲ ನಮ್ಮ ಮನೆಯವರೂ ಬರುತ್ತಾರೆ, ಒಂಬತ್ತು ಸಿಹಿಯ ಲೆಕ್ಕವನ್ನು ಅಜ್ಜಿಗೆ ಅವರೇ ಹೇಳುತ್ತಾರಂತೆ.