ಮೀನೂಟಕ್ಕೆ ಮುರುಗಲಿನ ಹುಳಿ

ಊಟದೊಡನೆ ಕುಡಿಯುವ ಪಾನೀಯ ಊಟದ ರುಚಿಯನ್ನು ನುಂಗಬಾರದು. ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿ ಶಾರ್ಡೊನೆ ದ್ರಾಕ್ಷಿಯಿಂದ ತಯಾರಾಗುವ ಶಾಬ್ಲಿ ವೈನ್ ಮೀನಿನ ಊಟಕ್ಕೆ ಹೆಸರಾದದ್ದು ಈ ಸಂಯಮದಿಂದಲೇ. ತಂಪು ಹವೆಯಲ್ಲಿ ಮಾಗಿದ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ. ಆ ಹುಳಿ ಜಿಡ್ಡು ಕಳೆದು ನಾಲಿಗೆಯನ್ನು ಮುಂದಿನ ತುತ್ತಿಗೆ ಅಣಿಗೊಳಿಸುತ್ತದೆ.

ಕಾರವಾರ, ಅಂಕೋಲೆಗಳ ಮೀನೂಟದಲ್ಲಿ ಇದೇ ಕೆಲಸವನ್ನು ಅಮಲಿನ ಸೋಂಕಿಲ್ಲದೆ ಮಾಡುವುದು ಮುರುಗಲು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಇದು ಪಶ್ಚಿಮ ಘಟ್ಟದ ಮರ. ಒಣಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಕಿವುಚಿ, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು ಬೆರೆಸಿದರೆ ನಸುಗೆಂಪು ಬಣ್ಣದ ಸೋಲ್‌ಕಡಿ ಸಿದ್ಧ. ಕುದಿಸುವಂತಿಲ್ಲ, ಕುದಿಸಿದರೆ ತೆಂಗಿನ ಹಾಲು ಒಡೆಯುತ್ತದೆ. ಹುಳಿ ಜಿಡ್ಡನ್ನು ಕಳೆದರೆ ಹಾಲು ಸಾರಿನ ಖಾರವನ್ನು ತಣಿಸುತ್ತದೆ.

ಹಿತ್ತಲಲ್ಲಿ, ಕಾಡಂಚಿನಲ್ಲಿ ಬೆಳೆಯುವ ಈ ಮರಕ್ಕೆ ರಾಸಾಯನಿಕ ಗೊಬ್ಬರ ಬೇಕಿಲ್ಲ, ತರಗೆಲೆಯೇ ಸಾಕು. ಆದರೂ ಕಷ್ಟಗಳು ಎರಡು. ಮುರುಗಲಿನಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಬೀಜದ ಸಸಿ ಹೂಬಿಡಲು ಹಲವು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಯಾವುದು ಗಂಡು, ಯಾವುದು ಹೆಣ್ಣು ಎಂದು ತಿಳಿಯದು. ಸುಮಾರು ಅರ್ಧದಷ್ಟು ಸಸಿಗಳು ಗಂಡಾಗಿ, ಫಲವಿಲ್ಲದೆ ಉಳಿಯುತ್ತವೆ. ಹೆಣ್ಣುಮರದ ಕಸಿಗಿಡ ನೆಡುವುದು ಇದಕ್ಕಿರುವ ಪರಿಹಾರ.

ಎರಡನೆಯದಕ್ಕೆ ಪರಿಹಾರ ಸುಲಭವಲ್ಲ. ಹಣ್ಣು ಮಾಗುವುದು ಏಪ್ರಿಲ್‌ನಿಂದ ಜೂನ್‌ವರೆಗೆ. ಸಿಪ್ಪೆಯನ್ನು ತಿರುಳಿನ ರಸದಲ್ಲಿ ಮತ್ತೆ ಮತ್ತೆ ಅದ್ದಿ ಬಿಸಿಲಿಗೆ ಒಣಗಿಸಬೇಕು. ಮುಂಗಾರು ಬೇಗ ಕಾಲಿಟ್ಟರೆ ಅರೆ ಒಣಗಿದ ಸಿಪ್ಪೆಗೆ ಬೂಷ್ಟು ಹಿಡಿದು ವರ್ಷದ ಹುಳಿಯೇ ಕೈತಪ್ಪುತ್ತದೆ. ಬಿಸಿಲು ಸಿಕ್ಕ ವರ್ಷ ಮಾತ್ರ, ಕಡಲಿಗೆ ದೋಣಿ ಇಳಿಯದ ಮಳೆಗಾಲದಲ್ಲೂ ಒಣಮೀನಿನ ಊಟಕ್ಕೆ ಕಡಿ ತಪ್ಪುವುದಿಲ್ಲ.