ಗಣಕಯಂತ್ರದ ಮೊದಲ ಲೆಕ್ಕ

ಗಣಕಯಂತ್ರದ ಗುಂಡಿಯನ್ನು ಒತ್ತಿದ ಬಳಿಕ ತೆರೆಯ ಮೇಲೆ ಬರಹ ಮೂಡುವುದಕ್ಕೆ ಕೆಲವು ಕ್ಷಣಗಳು ಬೇಕಾಗುತ್ತವೆ. ಈ ಅವಧಿಯಲ್ಲಿ ಯಂತ್ರವು ಸುಮ್ಮನಿರುತ್ತದೆಂದು ನಾವು ಭಾವಿಸಬಾರದು. ತನ್ನಲ್ಲಿ ಮೆಮೊರಿ, ಎಂದರೆ ಸ್ಮೃತಿ, ಎಷ್ಟಿದೆ, ಅದರಲ್ಲಿ ಯಾವ ಭಾಗವು ಬಳಕೆಗೆ ಒದಗುತ್ತದೆ ಎಂಬ ಲೆಕ್ಕವನ್ನು ಅದು ಆಗ ಮಾಡುತ್ತಿರುತ್ತದೆ. ಈ ಲೆಕ್ಕ ಮುಗಿಯದೆ ಬೇರೆ ಯಾವ ಕಾರ್ಯವೂ ಸರಿಯಾಗಿ ಮೊದಲಾಗಲಾರದು.

ಯಂತ್ರದ ಸಕಲ ವ್ಯವಹಾರಗಳನ್ನೂ ನಡೆಸುವ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲನ್ನೇ ನಾವು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂದು ಆಂಡ್ರಾಯ್ಡ್ ಫೋನುಗಳಲ್ಲಿಯೂ ಸೂಪರ್ ಕಂಪ್ಯೂಟರುಗಳಲ್ಲಿಯೂ ಕೆಲಸಮಾಡುತ್ತಿರುವುದು ಇದೇ.

ಕರ್ನಲ್ ಸ್ಮೃತಿಯನ್ನು ಪುಟಗಳಾಗಿ ವಿಭಾಗಿಸುತ್ತದೆ. ಸಾಮಾನ್ಯವಾಗಿ ಒಂದು ಪುಟವೆಂದರೆ 4096 ಬೈಟುಗಳು. 16 ಗಿಗಾಬೈಟ್ ಸ್ಮೃತಿಯಿರುವ ಯಂತ್ರದಲ್ಲಿ ಸುಮಾರು 42 ಲಕ್ಷ ಪುಟಗಳಿರುತ್ತವೆ. ಪ್ರತಿಯೊಂದು ಪುಟದ ಸ್ಥಿತಿಗತಿಯನ್ನೂ ಬರೆದಿಡಲು 64 ಬಿಟ್ಟಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 64 ಬೈಟುಗಳು ಬೇಕು. ಒಟ್ಟು ಲೆಕ್ಕಪುಸ್ತಕಕ್ಕೆ 256 ಮೆಗಾಬೈಟ್, ಅಂದರೆ ಇಡೀ ಸ್ಮೃತಿಯ ಅರವತ್ತನಾಲ್ಕರಲ್ಲಿ ಒಂದು ಪಾಲು, ವ್ಯಯವಾಗುತ್ತದೆ. ಈ ಪುಸ್ತಕವು ಸಿದ್ಧವಾದ ಮೇಲೆ ಹಂಚಿಕೆಯ ಕೆಲಸವನ್ನು ಜೋಡಿ ವಿಧಾನವು ವಹಿಸಿಕೊಳ್ಳುತ್ತದೆ. ಕೆನೆತ್ ನೋಲ್ಟನ್ 1965ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ದೊಡ್ಡ ತುಂಡನ್ನು ಎರಡು ಸಮಭಾಗಗಳಾಗಿ ಸೀಳಿ ಕೊಡುತ್ತಾರೆ. ಎರಡು ಭಾಗಗಳೂ ಬಿಡುವಾದಾಗ ಮತ್ತೆ ಒಂದುಗೂಡಿಸುತ್ತಾರೆ.

ಇಲ್ಲಿ ಒಂದು ಸೋಜಿಗದ ತೊಡಕು ಎದುರಾಗುತ್ತದೆ. ಸ್ಮೃತಿಯನ್ನು ಹಂಚಲು ಲೆಕ್ಕಪುಸ್ತಕ ಬೇಕು. ಆದರೆ ಆ ಪುಸ್ತಕವನ್ನು ಇಡಲು ಸ್ಮೃತಿಯೇ ಬೇಕು. ಅದನ್ನು ಹಂಚಿಕೊಡುವವರು ಯಾರು? ಹೊಸ ಊರಿಗೆ ಬಂದ ಹಿಂದಿನ ಕಾಲದ ಶಾನುಭೋಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಊರಿನ ಭೂಮಿಯನ್ನೆಲ್ಲ ಅವನು ಖಾತೆಗೆ ಬರೆಯಬೇಕು. ಆದರೆ ಖಾತೆಗಳನ್ನಿಡುವ ಕಚೇರಿಗೂ ಅದೇ ಊರಿನಲ್ಲಿ ನೆಲ ಬೇಕಷ್ಟೆ. ಜಾಣನಾದ ಶಾನುಭೋಗನು ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ತಂದಿರುತ್ತಾನೆ. ಕಚೇರಿ ಏಳುವವರೆಗೆ ಅದರಲ್ಲಿಯೇ ಗುರುತುಹಾಕಿಕೊಳ್ಳುತ್ತಾನೆ.

ಲಿನಕ್ಸಿನ ಮೊದಲಿನ ಚಿಕ್ಕ ಪುಸ್ತಕದ ಹೆಸರು ಬೂಟ್‌ಮೆಮ್. ಇದರಲ್ಲಿ ಪುಟಕ್ಕೊಂದು ಬಿಟ್ಟಿನಂತೆ ಗುರುತು ಇರುತ್ತಿತ್ತು: ಬಿಡುವಾಗಿದ್ದರೆ 0, ಬಳಕೆಯಲ್ಲಿದ್ದರೆ 1. ಕ್ರಮವು ಸರಳವೇ. ಆದರೆ 4 ಗಿಗಾಬೈಟ್ ಸ್ಮೃತಿಗೆ ಈ ಗುರುತುಗಳೇ 128 ಕಿಲೊಬೈಟ್ ಆಗುತ್ತಿದ್ದವು. ಅವುಗಳಿಗೂ ಖಾಲಿ ಜಾಗವನ್ನು ಹುಡುಕಬೇಕಾಗಿತ್ತು. ಆ ಹುಡುಕಾಟವನ್ನು ಇಂಟೆಲ್, ಆರ್ಮ್, ಪವರ್‌ಪಿಸಿ ಮುಂತಾದ ಪ್ರತಿಯೊಂದು ಯಂತ್ರವರ್ಗದ ಕ್ರಮವಿಧಿಯೂ ತನ್ನದೇ ರೀತಿಯಲ್ಲಿ ನಡೆಸುತ್ತಿತ್ತು.

ಈ ಹುಡುಕಾಟದಲ್ಲಿ ಅಪಾಯವೂ ಉಂಟು. ಪಿಸಿ ಯಂತ್ರಗಳಲ್ಲಿ 640 ಕಿಲೊಬೈಟಿನಿಂದ 1 ಮೆಗಾಬೈಟಿನವರೆಗಿನ ಪ್ರದೇಶವು ತೆರೆಯ ಚಿತ್ರಕ್ಕೂ ಯಂತ್ರದ ಮೂಲ ಆದೇಶಗಳಿಗೂ ಮೀಸಲಾದುದು. ಕರ್ನಲ್ ಸಹ ಸ್ಮೃತಿಯಲ್ಲಿ ಎಲ್ಲಿಯೋ ಒಂದೆಡೆ ನೆಲೆಸಿರುತ್ತದೆ. ಇಂಥ ಜಾಗವನ್ನು ಕಾಯ್ದಿರಿಸಲು ಮರೆತರೆ ಅದು ಖಾಲಿಯೆಂದು ಬೇರೊಂದು ಕೆಲಸಕ್ಕೆ ಹಂಚಿಹೋಗುತ್ತದೆ. ಕರ್ನಲಿನ ಆದೇಶಗಳ ಮೇಲೆಯೇ ಬೇರೆ ಅಂಕಿಗಳು ಬಂದು ಕೂರುತ್ತವೆ. ಇಷ್ಟು ಮೊದಲಿನ ಘಟ್ಟದಲ್ಲಿ ತಪ್ಪನ್ನು ತೆರೆಯ ಮೇಲೆ ತೋರಿಸುವ ಏರ್ಪಾಡೂ ಎಷ್ಟೋ ವೇಳೆ ಸಿದ್ಧವಾಗಿರುವುದಿಲ್ಲ. ಯಂತ್ರವು ಕಪ್ಪು ತೆರೆಯೊಡನೆ ನಿಂತುಬಿಡುತ್ತದೆ. ಇಲ್ಲವೆ ಬಹಳ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಕಡೆಯಲ್ಲಿ ಮುಗ್ಗರಿಸುತ್ತದೆ.

ಇದಕ್ಕೆ ಉತ್ತಮ ಪರಿಹಾರವು ಪವರ್‌ಪಿಸಿ ವರ್ಗದ ಕ್ರಮವಿಧಿಯಲ್ಲಿ ಆಗಲೇ ಇದ್ದಿತು. ಅದು 2010ರಲ್ಲಿ ಮೆಮ್‌ಬ್ಲಾಕ್ ಎಂಬ ಹೆಸರನ್ನು ಪಡೆಯಿತು. ಇದು ಪುಟಪುಟಕ್ಕೂ ಗುರುತುಹಾಕುವುದಿಲ್ಲ. ‘ಈ ಹಳ್ಳದಿಂದ ಆ ಬೇಲಿಯವರೆಗೆ’ ಎಂದು ಬರೆದುಕೊಳ್ಳುವ ಶಾನುಭೋಗನಂತೆ ಒಂದೊಂದು ಪ್ರದೇಶದ ಆರಂಭವನ್ನೂ ಉದ್ದವನ್ನೂ ಮಾತ್ರ ಬರೆಯುತ್ತದೆ. ಮುಖ್ಯವಾದ ಪಟ್ಟಿಗಳು ಎರಡು: ಇರುವ ಸ್ಮೃತಿ ಮತ್ತು ಕಾಯ್ದಿರಿಸಿದ ಸ್ಮೃತಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬಿಡುವಿನ ಸ್ಮೃತಿ ದೊರೆಯುತ್ತದೆ. ಪಟ್ಟಿಗೆ ಸಾಮಾನ್ಯವಾಗಿ 128 ಸಾಲುಗಳ ಜಾಗವು ಕರ್ನಲಿನೊಳಗೆ ಮೊದಲೇ ಸೇರಿಕೊಂಡಿರುವುದರಿಂದ ಅದಕ್ಕಾಗಿ ಬೇರೆ ಸ್ಥಳವನ್ನು ಹುಡುಕಬೇಕಾಗಿಲ್ಲ. ಹೀಗೆ ತೊಡಕು ಬಿಡಿಸಿಕೊಂಡಿತು.

ಆದರೆ ಹೊಸದು ಬಂದ ಕೂಡಲೆ ಹಳೆಯದು ಹೋಗಲಿಲ್ಲ. ಕೆಲವು ಯಂತ್ರವರ್ಗಗಳಲ್ಲಿ ಒಂದೇ ಲೆಕ್ಕವನ್ನು ಮೊದಲು ಮೆಮ್‌ಬ್ಲಾಕಿನಲ್ಲಿ ಬರೆದು, ಅನಂತರ ಬೂಟ್‌ಮೆಮ್ಮಿಗೆ ನಕಲುಮಾಡಿ, ಕಡೆಗೆ ಜೋಡಿ ವಿಧಾನಕ್ಕೆ ಒಪ್ಪಿಸಲಾಗುತ್ತಿತ್ತು. ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕೆಂದು ಕೆಲವರು ಕೇಳಬಹುದು. ಒಂದು ಸತ್ಯವನ್ನು ಎರಡು ಪುಸ್ತಕಗಳಲ್ಲಿ ಬರೆದರೆ ಅವು ಎಂದಾದರೊಮ್ಮೆ ಭಿನ್ನವಾಗಬಹುದು; ಒಂದೇ ಲೆಕ್ಕವನ್ನು ಇಪ್ಪತ್ತು ಕಡೆ ಮಾಡಿದರೆ ಒಂದೆಡೆ ತಿದ್ದಿದ ದೋಷವು ಉಳಿದೆಡೆ ಹಾಗೆಯೇ ನಿಲ್ಲುತ್ತದೆ. ಆದುದರಿಂದ ಅಪಾಯವಿದ್ದರೂ ಶುದ್ಧೀಕರಣವು ಅವಶ್ಯವಾಯಿತು. ಒಂದೊಂದು ಯಂತ್ರವರ್ಗವನ್ನಾಗಿ ಮೆಮ್‌ಬ್ಲಾಕಿಗೆ ಬದಲಾಯಿಸಿ, 2018ರ ಡಿಸೆಂಬರಿನಲ್ಲಿ ಹೊರಬಂದ 4.20ನೆಯ ಆವೃತ್ತಿಯಲ್ಲಿ ಬೂಟ್‌ಮೆಮ್ಮನ್ನು ತೆಗೆದುಹಾಕಲಾಯಿತು. ಸ್ಮೃತಿಯ ವಲಯಗಳಲ್ಲಿ ಎಷ್ಟೆಷ್ಟು ಪುಟಗಳು, ಎಷ್ಟೆಷ್ಟು ತೆರಪುಗಳು ಎಂಬುದನ್ನೂ ಹಿಂದೆ ಅನೇಕ ಯಂತ್ರವರ್ಗಗಳು ಬೇರೆಬೇರೆಯಾಗಿ ಎಣಿಸುತ್ತಿದ್ದವು. 2020ರ ಸುಧಾರಣೆಯ ಬಳಿಕ ಅವು ವಲಯದ ಮೇಲಿನ ಎಲ್ಲೆಯನ್ನು ತಿಳಿಸಿದರೆ ಸಾಕಾಯಿತು. ಉಳಿದ ಎಣಿಕೆಯನ್ನು ಎಲ್ಲಕ್ಕೂ ಸಮಾನವಾದ ಕ್ರಮವಿಧಿಯು ಮೆಮ್‌ಬ್ಲಾಕಿನ ಪಟ್ಟಿಯಿಂದಲೇ ಮಾಡುತ್ತದೆ.

ಕಚೇರಿ ಎದ್ದ ಮೇಲೆ ಜೇಬಿನ ಪುಸ್ತಕದ ಅಗತ್ಯವಿಲ್ಲ. ಆರಂಭಕ್ಕೆ ಮಾತ್ರ ಬೇಕಾದ ಕ್ರಮವಿಧಿಯನ್ನೂ, ಅನೇಕ ಯಂತ್ರಗಳಲ್ಲಿ ಮೆಮ್‌ಬ್ಲಾಕಿನ ಪಟ್ಟಿಗಳನ್ನೂ ಕರ್ನಲ್ ಅಳಿಸಿ, ಅವು ಇದ್ದ ಸ್ಥಳವನ್ನು ಬಳಕೆಗೆ ಬಿಟ್ಟುಕೊಡುತ್ತದೆ. ವಿದ್ಯಾರ್ಥಿಗಳು ಲಿನಕ್ಸ್ ಯಂತ್ರವೊಂದರ ಆರಂಭದ ಸಂದೇಶಗಳನ್ನು ಓದಿದರೆ, ಇರುವ ಸ್ಮೃತಿಯ ಪಟ್ಟಿ, ಕಾಯ್ದಿರಿಸಿದ ಮೊತ್ತ, ಕಡೆಯಲ್ಲಿ ಬಿಟ್ಟುಕೊಟ್ಟ ಮೊತ್ತ ಇವೆಲ್ಲವನ್ನೂ ಕಣ್ಣಾರೆ ಕಾಣಬಹುದು. ಕೊಂಡುತಂದ ಸ್ಮೃತಿಗಿಂತ ಬಳಕೆಗೆ ದೊರೆತುದು ತುಸು ಕಡಿಮೆಯಾಗಿರುವುದೇಕೆ ಎಂಬುದೂ ಅವರಿಗೆ ಆಗ ತಾನಾಗಿಯೇ ತಿಳಿದೀತು.